ಮುಸಿಯನಿಗೆ ಹೊದೆಸಿದ ಶಾಲು

ಶಿಲ್ಪಶ್ರೀ ಹುಟ್ಟಿ ಮೊದಲು ಕಲಿತ ಮಾತು ‘ಅಮ್ಮ’ ಅಲ್ಲ, ‘ಛೀ’ ಎಂದು ಅವಳ ಅಜ್ಜಿ ದುರ್ಗಮ್ಮ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಅರ್ಧ ಸುಳ್ಳಿರಬಹುದು, ಅಜ್ಜಿಯ ಮಾತಿನಲ್ಲಿ ಯಾವಾಗಲೂ ಅಷ್ಟು ಇದ್ದೇ ಇರುತ್ತದೆ. ಆದರೆ ಹದಿನೆಂಟು ತುಂಬಿದ ಮೇಲೂ ಹುಡುಗಿಯ ಬಾಯಿಂದ ದಿನಕ್ಕೆ ಇಪ್ಪತ್ತು ಸಲ ಆ ಮಾತು ಉದುರುವುದಂತೂ ನಿಜ. ಮೀನು ಸಾರನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾಳೆ, ಮೀನು ಕೊಯ್ಯುವಾಗ ಮಾತ್ರ ಮನೆಯಲ್ಲೇ ಇರುವುದಿಲ್ಲ. ಸ್ವಂತ ಅಪ್ಪ ಕಂಡಕ್ಟರ್ ಆಗಿರುವ ಬಸ್ಸಿನಲ್ಲೂ ಸೀಟು ಒರೆಸದೆ ಕೂರುವುದಿಲ್ಲ. ಮನೆಯಲ್ಲಿ ಅವಳಿಗೆ ‘ಛೀ ಪುಟ್ಟಿ’ ಎಂದೇ ಹೆಸರು.

ಅಪ್ಪ ಗಣೇಶ್ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಟಿಕೆಟ್ ಹರಿಯುತ್ತಿದ್ದಾನೆ. ದಿನವಿಡೀ ಕೂಗಿ ಬರುವುದರಿಂದಲೋ ಏನೋ, ಮನೆಯಲ್ಲಿ ಅವನಿಗೆ ಬಾಯಿಲ್ಲ. ಅಮ್ಮ ಶ್ಯಾಮಲಾ ಆಶಾ ಕಾರ್ಯಕರ್ತೆ. ಸಾಗರದ ಹೊರಗಿನ ಮೂರು ಹಳ್ಳಿಗಳ ಬಸುರಿ, ಬಾಣಂತಿ, ಚುಚ್ಚುಮದ್ದು, ಜ್ವರ ಎಲ್ಲ ಅವಳ ತಲೆಯ ಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಆ ಕೆಲಸಕ್ಕೆ ಇನ್ನೊಂದು ಬಾಲವೂ ಇದೆ, ಮಂಗನ ಕಾಯಿಲೆ. ಬೇಸಿಗೆಯಲ್ಲಿ ಉಣುಗು ಎಂಬ ರಕ್ತ ಹೀರುವ ಕಾಡಿನ ಹುಳ ಕಚ್ಚಿ ಮಂಗಗಳು ಸಾಯುತ್ತವೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಮನುಷ್ಯರಿಗೆ ಹತ್ತುತ್ತದೆ. ಆಮೇಲೆ ಜ್ವರ, ವಾಂತಿ, ಕೆಲವರಿಗೆ ಒಸಡಿನಿಂದ ರಕ್ತ, ನಸೀಬು ಕೆಟ್ಟವರಿಗೆ ಸಾವು. ಕಾಡಿಗೆ ಹೋಗುವ ಮೊದಲು ಮೈಗೆ ಹಚ್ಚಿಕೊಳ್ಳಿ ಎಂದು ಸರ್ಕಾರ ಕೊಡುವ ಎಣ್ಣೆಯನ್ನು ಶ್ಯಾಮಲಾ ಮನೆಮನೆಗೆ ಹಂಚುತ್ತಾಳೆ. ವಾಸನೆ ಎಂದು ಮೂಗು ಮುರಿದು ಜನ ಅದನ್ನು ಎಮ್ಮೆಗೆ ಹಚ್ಚುತ್ತಾರೆ.

ಶಿಲ್ಪಶ್ರೀ ಸೆಕೆಂಡ್ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ಮುಂದೇನು ಎಂಬ ಪ್ರಶ್ನೆಗೆ ಮನೆಯಲ್ಲಿ ತಲೆಗೊಂದು ಉತ್ತರ. ಅಮ್ಮನಿಗೆ ಮಗಳು ನರ್ಸ್ ಆಗಬೇಕು. ತಾನು ಬಾಗಿಲಲ್ಲಿ ನಿಲ್ಲುವ ಆಸ್ಪತ್ರೆಯಲ್ಲಿ ಮಗಳು ಒಳಗೆ ಕೂರಬೇಕು. ಶಿಲ್ಪಶ್ರೀ ಬೆಡ್‌ಪ್ಯಾನ್ ಎಂಬ ಶಬ್ದ ಕೇಳಿದರೇ ಎದ್ದು ಹೊರಗೆ ಹೋಗುತ್ತಾಳೆ. ಅವಳಿಗೆ ಇಷ್ಟವಾದದ್ದು ಕಾಡುಪ್ರಾಣಿ. ಫೋನಿನಲ್ಲಿ ಮಿಂಚುಳ್ಳಿ, ಚಿಟ್ಟೆ, ಕೆಂದಳಿಲುಗಳ ಚಿತ್ರ ಹಾಕುವ ಒಂದು ಪುಟವಿತ್ತು, ಅದನ್ನು ನಾನೂರು ಜನ ನೋಡುತ್ತಿದ್ದರು. ಆದರೆ ಫೋನಿನ ಪ್ರಾಣಿಗೆ ವಾಸನೆ ಇರುವುದಿಲ್ಲ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ನೋಡಿ ಎರಡು ದಿನ ಊಟ ಬಿಟ್ಟವಳು ಪ್ರಾಣಿಗಳ ಓದು ಓದುವುದು ಹೇಗೆ? ಈ ಲೆಕ್ಕದಲ್ಲಿ ಅವಳು ಒಂದೊಂದೇ ಬಾಗಿಲನ್ನು ತಾನೇ ಮುಚ್ಚಿಕೊಂಡು ಬಂದಿದ್ದಳು.

ಉಳಿದದ್ದು ಚಿಕ್ಕಪ್ಪ ಕುಮಾರನ ಬಾಗಿಲು. ಕುಮಾರನಿಗೆ ಹೊಸನಗರದಲ್ಲಿ ಮೆಡಿಕಲ್ ಶಾಪು. ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಫಾರ್ಮಸಿ ಸರ್ಟಿಫಿಕೇಟಿನಲ್ಲಿ ಇರುವುದು ಬೇರೆ ಯಾರದೋ ಹೆಸರು. ಆ ಪುಣ್ಯಾತ್ಮ ಎಲ್ಲಿದ್ದಾನೋ, ಕುಮಾರ ಮಾತ್ರ ಅವನ ಹೆಸರಿನ ಕೆಳಗೆ ಕೂತು ಮಾತ್ರೆ ಕೊಡುತ್ತಾನೆ. ಅಣ್ಣನ ಮಗಳು ಬಿ ಫಾರ್ಮ ಓದಿದರೆ ಸರ್ಟಿಫಿಕೇಟು ಮನೆಯದೇ ಆಗುತ್ತದೆ. ಅದನ್ನವನು ಹೇಳುತ್ತಿದ್ದದ್ದು ಬೇರೆ ಥರ.

"ಕ್ಲೀನ್ ಲೈನ್ ಪುಟ್ಟಿ ಇದು. ರಕ್ತ ಇಲ್ಲ, ವಾಸನೆ ಇಲ್ಲ. ಎಲ್ಲ ಸ್ಟ್ರಿಪ್ಪಲ್ಲಿ ಪ್ಯಾಕ್ ಆಗಿರುತ್ತೆ. ಶಿವಮೊಗ್ಗದಲ್ಲಿ ನಮ್ ಫ್ರೆಂಡ್ ಒಂದು ಸೀಟ್ ಹಿಡ್ದಿಟ್ಟಿದಾನೆ. ಭಾನುವಾರ ಸಂಜೆ ಒಳಗೆ ಹೂಂ ಅಂದ್ಬಿಡು."

ಅವಳು ಹೂಂ ಅನ್ನುವವಳೇ ಇದ್ದಳು. ಆ ಗೋಡೆಯ ಕಥೆ ಅವಳಿಗೆ ಗೊತ್ತಿತ್ತು, ಅದೂ ಅಸಹ್ಯವೇ. ಆದರೆ ಆ ಅಸಹ್ಯ ಮೂಗಿಗೆ ಹೊಡೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ಭಾನುವಾರವೇ ಕುಮಾರ ಎಲ್ಲರನ್ನೂ ತನ್ನ ಕಾರಿನಲ್ಲಿ ಕರೆದುಕೊಂಡು ಹೊರಟ. ಗಣೇಶನಿಗೆ ಅಪರೂಪಕ್ಕೆ ರಜೆ ಸಿಕ್ಕಿತ್ತು. ಬೆಳಿಗ್ಗೆ ಸಿಗಂದೂರಿನಲ್ಲಿ ಪೂಜೆ, ಆಮೇಲೆ ನಿಟ್ಟೂರಿನ ಕಡೆಯ ಕಾಡಿನಲ್ಲಿ ಪ್ರಾಣಿ ನೋಡುವುದು, ಸಂಜೆ ಹೊಸನಗರದಲ್ಲಿ ಅವನ ಮನೆಯಲ್ಲಿ ಕೋಳಿ ಊಟ, ಊಟದ ಹೊತ್ತಿಗೆ ಪುಟ್ಟಿಯ ಹೂಂ. ಕಾರ್ಯಕ್ರಮ ಹಾಕಿದವನು ಕುಮಾರನೇ. ಅವನ ಹೆಂಡತಿ ಅಡುಗೆಗೆಂದು ಮನೆಯಲ್ಲೇ ಉಳಿದಳು. ಐದು ವರ್ಷದ ಮಗಳು ಕವನಾ ಮಾತ್ರ ಜೊತೆಗಿದ್ದಳು.

ಕಾರಿನ ಮುಂದಿನ ಕಿಟಕಿಯ ಹತ್ತಿರ ಜರಿಯಂಚಿನ ಒಂದು ಕೆಂಪು ಶಾಲು ಎಲ್ಲರಿಗೂ ಕಾಣುವ ಹಾಗೆ ಮಡಿಸಿಟ್ಟಿತ್ತು. ಹಿಂದಿನ ವಾರ ಯಾವುದೋ ಸಂಘದವರು ಕುಮಾರನನ್ನು ಕರೆದು ‘ಆರೋಗ್ಯ ಸೇವಾ ರತ್ನ’ ಎಂದು ಹೊದೆಸಿ ಕಳಿಸಿದ್ದರು. ಜನರ ಆರೋಗ್ಯ ಕಾದವನಂತೆ. ಅವನು ಆ ಶಾಲನ್ನು ಮನೆಯೊಳಗೆ ಒಯ್ದೇ ಇರಲಿಲ್ಲ.

ಹಿನ್ನೀರಿನ ಸೇತುವೆ ದಾಟಿ ದೇವಸ್ಥಾನ ಮುಗಿಸಿ ಕಾಡಿನ ದಾರಿ ಹಿಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಂಗಾರು ಇನ್ನೂ ಹತ್ತು ದಿನ ದೂರ. ಪ್ರಾಣಿ ನೋಡಲು ಹೋದವರು ಪ್ರಾಣಿ ಬರುವ ಹಾಗೆ ಇರಬೇಕಲ್ಲ! ಕುಮಾರ ತಿರುವು ತಿರುವಿಗೂ ಹಾರ್ನ್ ಹೊಡೆದ. ಕಾರಿನೊಳಗೆ ಹಾಡು, ಹೊರಗೆ ಚಿಪ್ಸ್ ಪ್ಯಾಕೆಟ್ಟು. ದುರ್ಗಮ್ಮ ಎಲೆಅಡಿಕೆಯನ್ನು ಕಿಟಕಿಯಿಂದಾಚೆ ಉಗಿದದ್ದು ಗಾಳಿಗೆ ತಿರುಗಿ ಹಿಂದಿನ ಗಾಜಿಗೆ ಬಡಿಯಿತು. ಆ ಗಾಜಿನ ಒಳಗೆ ಶಿಲ್ಪಶ್ರೀಯ ಮುಖವಿತ್ತು.

"ಛೀ ಅಜ್ಜಿ!"

"ಶುರುವಾಯ್ತು ನೋಡು ಇವ್ಳದ್ದು," ಎಂದಳು ದುರ್ಗಮ್ಮ, ಬಾಯಿ ಒರೆಸಿಕೊಂಡು. "ಗಾಜು ಇತ್ತಲ ಮಾರಾಯ್ತಿ, ಎಂತ ನಿನ್ ಮುಖಕ್ಕೆ ಬಿತ್ತಾ?"

ಒಂದು ಗಂಟೆ ಸುತ್ತಿದರೂ ಒಂದು ಅಳಿಲೂ ಕಾಣಲಿಲ್ಲ. ರಸ್ತೆಯ ಬದಿಯಲ್ಲಿ ಕಂಡದ್ದು ಬಿಯರ್ ಬಾಟಲಿ, ಮಕ್ಕಳ ಡೈಪರು, ಬಿರಿಯಾನಿ ಡಬ್ಬಿ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರೆ. ಕೋತಿಗೆ ಬಾಯಿದ್ದಿದ್ದರೆ ಈ ಗಾದೆಯನ್ನು ತಿರುಗಿಸಿ ನಮಗೇ ಹೇಳುತ್ತಿತ್ತು. ಇಂಥವರ ಮನೆಯಲ್ಲಿ ಹುಟ್ಟಿ ತಾನು ಕಾಡಿನ ವಿಷಯ ಮಾತಾಡುವುದೇ ನಾಚಿಕೆಗೇಡು ಅನ್ನಿಸಿತು ಶಿಲ್ಪಶ್ರೀಗೆ. ಬೇಡ, ಸಂಜೆ ಹೂಂ ಅಂದುಬಿಡುತ್ತೇನೆ, ಮಾತ್ರೆ ಎಣಿಸಿಕೊಂಡು ಸುಖವಾಗಿರುತ್ತೇನೆ ಎಂದುಕೊಂಡಳು.

ನಿಟ್ಟೂರು ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ ಒಂದು ಹಳ್ಳದ ಪಕ್ಕ ಊಟಕ್ಕೆ ಕಾರು ನಿಲ್ಲಿಸಿದರು. ಅಲ್ಲಿ ಇನ್ನೆರಡು ಕಾರಿನವರೂ ಇದ್ದರು. ಕೈ ತೊಳೆಯಲು ಹಳ್ಳಕ್ಕೆ ಇಳಿದ ದುರ್ಗಮ್ಮ ಕೂಗಿಕೊಂಡಳು.

"ಅಯ್ಯಯ್ಯೋ, ಹನುಮಪ್ಪ ಸತ್ತು ಬಿದ್ದಾನೆ ಬನ್ರೋ!"

ಆ ದಿನ ಅವರ ಕಣ್ಣಿಗೆ ಬಿದ್ದ ಒಂದೇ ಕಾಡುಪ್ರಾಣಿ ಅದು. ಕಪ್ಪು ಮುಖದ, ಉದ್ದ ಬಾಲದ ಮುಸಿಯ. ಮರದ ಬುಡದಲ್ಲಿ ಒಂದು ಕೈ ತಲೆಯಡಿ ಇಟ್ಟುಕೊಂಡು ಮಲಗಿದ ಹಾಗಿತ್ತು. ಹೊಟ್ಟೆ ಉಬ್ಬಿತ್ತು, ತುಟಿಯ ಸುತ್ತ ನೊಣ. ಗಾಳಿ ಇತ್ತ ತಿರುಗಿದ್ದೇ ತಡ ಶಿಲ್ಪಶ್ರೀ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಓಡಿಹೋಗಿ ಕಾರಿನೊಳಗೆ ಕೂತಳು, ಗಾಜು ಏರಿಸಿದಳು. ಕಾಡುಪ್ರಾಣಿ ಎಂದರೆ ಜೀವ ಬಿಡುವವಳ ಪೌರುಷ ಅಷ್ಟು.

ಗಾಜಿನಾಚೆ ನಡೆದದ್ದೆಲ್ಲ ಅವಳಿಗೆ ಕಾಣುತ್ತಿತ್ತು. ಮಂಗ ಸತ್ತರೆ ಹಾಗೆ ಬಿಟ್ಟು ಹೋಗಬಾರದು, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡಬೇಕು, ಮಾಡದಿದ್ದರೆ ಊರಿಗೆ ಜ್ವರ ಬರುತ್ತದೆ ಎಂಬುದು ದುರ್ಗಮ್ಮನ ಕಾಲದ ನಂಬಿಕೆ. ಜ್ವರ ಬರುವುದು ಹಾಗೆ ಮುಟ್ಟಿ ಮಣ್ಣು ಮಾಡುವುದರಿಂದಲೇ ಎಂದು ಅವಳ ಸೊಸೆ ಹತ್ತು ವರ್ಷದಿಂದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಮನೆಯೊಳಗೆ ಅದು ನಾಟಿರಲಿಲ್ಲ. ಮುದುಕಿ ನಿಜವಾಗಿ ಅಳುತ್ತಿದ್ದಳು. ಮುಸಿಯನ ತಲೆ ನೇರ ಮಾಡಿ ಹಣೆಗೆ ಸಿಗಂದೂರಿನ ಕುಂಕುಮ ಹಚ್ಚಿದಳು. ಪ್ರಸಾದದ ಹೂವನ್ನು ಎದೆಯ ಮೇಲಿಟ್ಟಳು.

"ಒಂದು ಬಟ್ಟೆ ಹೊದೆಸ್ರೋ, ಬೆತ್ತಲೆ ಕಳಿಸಬಾರ್ದು," ಎಂದಳು.

ಅಷ್ಟು ಹೊತ್ತಿಗೆ ಬೇರೆ ಕಾರಿನವರೂ ಫೋನು ಹಿಡಿದು ಸುತ್ತ ನಿಂತಿದ್ದರು. ನೋಡುವವರಿದ್ದರೆ ಕುಮಾರನಿಗೆ ಭಕ್ತಿ ಹೆಚ್ಚು. ಓಡಿಬಂದು ಕಾರಿನಿಂದ ಸನ್ಮಾನದ ಶಾಲು ತೆಗೆದುಕೊಂಡು ಹೋಗಿ ಮುಸಿಯನಿಗೆ ಹೊದೆಸಿದ, ಮಂಡಿಯೂರಿ ಕೈಮುಗಿದ, ಇನ್ನೊಂದು ಕಾರಿನ ಯುವಕನೊಬ್ಬನಿಗೆ ಫೋನು ಕೊಟ್ಟು ಪಟ ತೆಗೆಸಿಕೊಂಡ. ಮೊದಲ ಪಟದಲ್ಲಿ ಕಣ್ಣು ಮುಚ್ಚಿತ್ತಂತೆ, ಇನ್ನೊಂದು ತೆಗೆಸಿದ. ಮತ್ತೆ ಕವನಾಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ.

ಶಿಲ್ಪಶ್ರೀ ಅಮ್ಮನನ್ನು ಹುಡುಕಿದಳು. ಅಮ್ಮ ಈಗ ಎಲ್ಲರನ್ನೂ ಗದರಿಸಿ ಹಿಂದಕ್ಕೆ ಕಳಿಸುತ್ತಾಳೆ ಎಂದು ಕಾದಳು. ಶ್ಯಾಮಲಾ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅತ್ತೆಯ ಕೈಗೆ ಕರ್ಪೂರ ಕೊಡುತ್ತಿದ್ದಳು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಶಿಲ್ಪಶ್ರೀಗೆ ಆ ಕ್ಷಣ ಮುಸಿಯನಿಗಿಂತ ಹೆಚ್ಚು ಹೇಸಿಗೆಯಾದದ್ದು ಅಮ್ಮನನ್ನು ಕಂಡು. ಕಾರಿನ ಬಾಗಿಲು ದೂಡಿ ಇಳಿದಳು.

"ಅಮ್ಮಾ, ಎಂತ ಮಾಡ್ತಿದ್ದಿ ನೀನು? ನೀನೇ ಅಲ್ವಾ ಎಲ್ಲರಿಗೂ ಮುಟ್ಬೇಡಿ ಅನ್ನೋದು?"

ಶ್ಯಾಮಲಾ ಅವಳ ಮುಖ ನೋಡಲಿಲ್ಲ. "ಸುಮ್ನಿರು ಮಾರಾಯ್ತಿ. ಇದು ನನ್ ಏರಿಯಾ ಅಲ್ಲ. ಒಂದಿನ ರಜೆ ತಗೊಂಡ್ ಬಂದೀನಿ."

ಆ ಮಾತಿನ ಹಿಂದೆ ಒಂದು ಕಥೆ ಇದೆ. ಮೂರು ವರ್ಷದ ಹಿಂದೆ ತನ್ನ ಹಳ್ಳಿಯಲ್ಲಿ ಮಂಗ ಸತ್ತದ್ದನ್ನು ಶ್ಯಾಮಲಾ ವರದಿ ಮಾಡಿದ್ದಳು. ಕಾಯಿಲೆಯ ಊರು ಎಂದು ಆ ಬೇಸಿಗೆ ಕೂಲಿ ಕೆಲಸದವರು ಆ ಕಡೆ ಬರಲಿಲ್ಲ, ಒಂದು ಮದುವೆಯೂ ಮುಂದೆ ಹೋಯಿತು. ಊರವರು ಆರು ತಿಂಗಳು ಅವಳನ್ನು ಅಂಗಳದಿಂದಲೇ ಮಾತಾಡಿಸಿ ಕಳಿಸಿದರು. ಮನೆಯಲ್ಲಿ ಅತ್ತೆಯೂ, ‘ಮಂಗನ ಸುದ್ದಿ ನಿಂಗ್ಯಾಕೆ ಬೇಕಿತ್ತು’ ಎಂದಿದ್ದಳು. ಇದೆಲ್ಲ ಶಿಲ್ಪಶ್ರೀಗೆ ಗೊತ್ತಿತ್ತು. ಗೊತ್ತಿದ್ದರೂ ಹೇಸಿಗೆ ಕಡಿಮೆಯಾಗಲಿಲ್ಲ.

ಅಮ್ಮನ ಬ್ಯಾಗಿನಿಂದ ಫೋನು ತೆಗೆದುಕೊಂಡಳು. ಅಮ್ಮ ಎಲ್ಲ ನಂಬರುಗಳನ್ನೂ ಕೆಲಸದ ಹೆಸರಿನಲ್ಲೇ ಬರೆದಿಟ್ಟುಕೊಳ್ಳುತ್ತಾಳೆ. ‘ಗ್ಯಾಸ್ ಖಾಲಿ’, ‘ಹೆರಿಗೆ ಆಂಬುಲೆನ್ಸ್’, ಅವುಗಳ ಕೆಳಗೆ ‘ಮಂಗ ಸತ್ರೆ’. ಹಳ್ಳದಲ್ಲಿ ಸಿಗ್ನಲ್ ಇರಲಿಲ್ಲ. ರಸ್ತೆಯ ಏರು ಹತ್ತಿ ತಿರುವಿನವರೆಗೆ ಓಡಿ ಆ ನಂಬರಿಗೆ ಫೋನು ಮಾಡಿದಳು. ಆ ಕಡೆಯವರು ಜಾಗ ಕೇಳಿಕೊಂಡು, ನಿಟ್ಟೂರು ಕಡೆಯ ಡಾಕ್ಟರಿಗೆ ತಿಳಿಸುತ್ತೇವೆ, ದಾರಿ ತೋರಿಸಲು ರಸ್ತೆಯಲ್ಲೇ ನಿಂತಿರಿ ಎಂದರು. ಅವಳು ಅಲ್ಲಿಂದಲೇ ಕೆಳಗೆ ಕೂಗಿದಳು.

"ಡಾಕ್ಟ್ರು ಬರ್ತಾ ಇದಾರೆ! ಎಲ್ರೂ ದೂರ ಹೋಗಿ! ಅದನ್ನ ಸುಡ್ಬೇಕು, ಹೂಳೋ ಹಾಗಿಲ್ಲ!"

ಡಾಕ್ಟರು ಎಂಬ ಹೆಸರು ಕೇಳಿದ್ದೇ ಬೇರೆ ಕಾರಿನವರು ಹೊರಟುಹೋದರು. ಪಟ ತೆಗೆದವರಲ್ಲಿ ಒಬ್ಬನೂ ನಿಲ್ಲಲಿಲ್ಲ. ಶ್ಯಾಮಲಾ ಕರ್ಪೂರದ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯನ್ನೂ ಕವನಾಳನ್ನೂ ಎಳೆದುಕೊಂಡು ಹಳ್ಳದ ಮೇಲ್ಭಾಗಕ್ಕೆ ಹೋದಳು. ಸೋಪು ಹಾಕಿ ಇಬ್ಬರ ಕೈಕಾಲು ಮೂರು ಮೂರು ಸಲ ತಿಕ್ಕಿದಳು. ದುರ್ಗಮ್ಮ ದಾರಿಯುದ್ದಕ್ಕೂ ಬೈಯುತ್ತಿದ್ದಳು, ಸೊಸೆಯನ್ನಲ್ಲ, ಮೊಮ್ಮಗಳನ್ನು.

ಒಂದೂವರೆ ಗಂಟೆಯ ಮೇಲೆ ಬೈಕಿನಲ್ಲಿ ಪಶುವೈದ್ಯ ಶಿವಮೂರ್ತಿ ಬಂದರು. ಐವತ್ತರ ಆಚೆಯ ವಯಸ್ಸು, ಭಾನುವಾರದ ಗಡ್ಡ. ಹಿಂದೆ ಒಬ್ಬ ಸಹಾಯಕ, ಅವನ ತೊಡೆಯ ಮೇಲೆ ಐಸ್ ಪೆಟ್ಟಿಗೆ. ಶಿಲ್ಪಶ್ರೀ ಅವರ ಜೊತೆ ಹಳ್ಳಕ್ಕೆ ಇಳಿದಾಗ ಮುಸಿಯನ ಮೇಲೆ ಹೂವು ಮಾತ್ರ ಇತ್ತು, ಶಾಲು ಇರಲಿಲ್ಲ.

"ಇದರ ಮೇಲೆ ಎಂತಾದ್ರೂ ಹೊದೆಸಿದ್ರಾ? ಬಟ್ಟೆಗಿಟ್ಟೆ?" ಎಂದು ಡಾಕ್ಟರು ಕೇಳಿದರು.

"ಒಂದು ಹಳೇ ಬಟ್ಟೆ ಸಾರ್," ಎಂದ ಕುಮಾರ. "ಹಳ್ಳಕ್ಕೆ ಎಸೆದ್ಬಿಟ್ಟೆ."

"ಹಳ್ಳಕ್ಕೆ ಎಸೀತಾರೇನ್ರೀ? ಕೆಳಗಿನವ್ರು ನೀರು ಕುಡಿಯಲ್ವಾ?" ಎಂದು ಬೈದು ಡಾಕ್ಟರು ಬಿಳಿಯ ಅಂಗಿ ಹಾಕಿಕೊಳ್ಳತೊಡಗಿದರು. ಹಳ್ಳಕ್ಕೆ ಎಸೆದನಲ್ಲ ಎಂದು ಶಿಲ್ಪಶ್ರೀಗೆ ಇನ್ನೊಂದು ಸಲ ಹೇಸಿಗೆಯಾಯಿತು. ಅಷ್ಟಕ್ಕೇ ನಂಬಿದಳು ನೋಡಿ, ಅಲ್ಲಿ ತಪ್ಪಿದಳು.

ಸಹಾಯಕ ಸುತ್ತಲೂ ಉಣುಗು ಸಾಯುವ ಪುಡಿ ಎರಚಿಕೊಂಡು ಬರಬೇಕಿತ್ತು. ಡಾಕ್ಟರು ಮುಸಿಯನ ಅಂಗಗಳನ್ನು ಪರೀಕ್ಷೆಗೆ ತುಂಬಿಸುವ ಬಾಟಲಿಗಳಿಗೆ ಚೀಟಿ ಬರೆದುಕೊಡಲು ಒಂದು ಜನ ಬೇಕಿತ್ತು. ಗಣೇಶ್ ಹಿಂದೆ ಸರಿದ, ಕುಮಾರ ಆಗಲೇ ಕಾರಿನ ಹತ್ತಿರ ಹೋಗಿದ್ದ.

"ಫೋನ್ ಮಾಡಿದ್ದು ಯಾರು?"

"ನಾನು ಸಾರ್."

"ಹಂಗಾರೆ ನೀನೇ ಬಾ."

ಮುಸುಕು, ಕೈಗವಸು ಕೊಟ್ಟರು. ಒಂದು ಸಣ್ಣ ಬಾಟಲಿಯಿಂದ ಎಣ್ಣೆ ಸುರಿದು ಕಾಲಿಗೆ, ಕುತ್ತಿಗೆಗೆ ಹಚ್ಚಿಕೋ ಎಂದರು. ಅಮ್ಮ ಹತ್ತು ವರ್ಷ ಹಂಚಿದ ಎಣ್ಣೆ ಮಗಳ ಮೈಗೆ ತಾಗಿದ್ದು ಅದೇ ಮೊದಲು. ಐದು ಹೆಜ್ಜೆ ದೂರದಲ್ಲಿ ಕಲ್ಲಿನ ಮೇಲೆ ನಿಂತು ಅವಳು ಚೀಟಿ ಬರೆದಳು. ಡಾಕ್ಟರ ಕತ್ತಿ ಹೊಟ್ಟೆಗೆ ಇಳಿದಾಗ ಬಂದ ವಾಸನೆ ಅವಳು ಅಲ್ಲಿಯವರೆಗೆ ‘ಛೀ’ ಎಂದ ಎಲ್ಲವನ್ನೂ ಸೇರಿಸಿದರೂ ಆಗದಷ್ಟಿತ್ತು. ಬೆಳಿಗ್ಗೆಯ ಪ್ರಸಾದ ಗಂಟಲಿಗೆ ಬಂತು. ಮುಸುಕು ಕೆಳಗೆಳೆದು ಮರದ ಹಿಂದೆ ಹೋಗಿ ಪೂರಾ ಕಕ್ಕಿದಳು. ಮುಗಿಯಿತು, ನನ್ನಿಂದ ಆಗುವ ಕೆಲಸವಲ್ಲ ಇದು ಎಂದುಕೊಂಡು ತಿರುಗಿದಳು. ಪಕ್ಕದ ಮರದ ಹಿಂದೆ ಡಾಕ್ಟರು ಬಗ್ಗಿ ನಿಂತಿದ್ದರು. ಅವರೂ ಕಕ್ಕುತ್ತಿದ್ದರು.

"ಸಾರ್, ನಿಮಗೂ..."

"ಇಪ್ಪತ್ತೆರಡು ವರ್ಷ ಆಯ್ತು," ಎಂದರು ಅವರು, ಬಾಯಿ ಮುಕ್ಕಳಿಸಿ ಉಗಿದು. "ಪ್ರತಿ ಸಲ ಹಿಂಗೇ. ಚೀಟಿ ಬರ್ದಾಯ್ತಾ? ಎರಡನೇದಕ್ಕೆ ಗುಲ್ಮ ಅಂತ ಬರಿ." ಹೊಸ ಮುಸುಕು ಹಾಕಿಕೊಂಡು ಮತ್ತೆ ಹೋಗಿ ಕುಕ್ಕರಗಾಲಲ್ಲಿ ಕೂತರು.

ಶಿಲ್ಪಶ್ರೀ ಎರಡನೆಯ ಚೀಟಿ ಬರೆದಳು. ಅಸಹ್ಯವಾಗದವರು ಮಾತ್ರ ಇಂಥ ಕೆಲಸಕ್ಕೆ ಹೋಗುತ್ತಾರೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಅದೊಂದು ಲೆಕ್ಕದ ಮೇಲೆ ಎಲ್ಲ ಬಾಗಿಲು ಮುಚ್ಚಿಕೊಂಡಿದ್ದಳು. ಲೆಕ್ಕವೇ ತಪ್ಪಾಗಿತ್ತೇ? ಮುಸಿಯನನ್ನು ಸುಡುವಾಗ ಹೊಗೆಯ ಈ ಕಡೆ ನಿಂತು ಕೇಳಿದಳು.

"ಸಾರ್, ನಿಮ್ ಕೆಲಸಕ್ಕೆ ಎಂತ ಓದ್ಬೇಕು?"

"ಈ ಚೆಂದದ ಕೆಲಸಕ್ಕಾ?" ಎಂದು ಅವರು ನಕ್ಕರು. ಹೇಳಿದರು, ಆದರೆ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎಲ್ಲರೂ ಮನೆಗೆ ಹೋದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿಸಿ, ಹತ್ತು ದಿನ ಜ್ವರ ಬಂದರೆ ಮುಚ್ಚಿಡಬೇಡಿ ಎಂದು ಹೇಳಿ ಬೈಕು ಹತ್ತಿದರು.

ಕಾರು ಹೊಸನಗರದ ಕಡೆ ತಿರುಗಿತು. ಮುಂದೆ ಕುಮಾರ ಮತ್ತು ಗಣೇಶ್, ನಡುವೆ ಅತ್ತೆ ಸೊಸೆ, ಹಿಂದಿನ ಸೀಟಿನಲ್ಲಿ ಶಿಲ್ಪಶ್ರೀ ಮತ್ತು ಕವನಾ. ಮಾತು ತೆಗೆದವನು ಕುಮಾರನೇ.

"ನೋಡ್ದಲ ಪುಟ್ಟಿ, ಎಂಥ ಗಲೀಜು ಕೆಲಸ! ಅದಕ್ಕೇ ಹೇಳಿದ್ದು ಫಾರ್ಮಸಿ ಅಂತ. ಮನೆಗೆ ಹೋದ ಕೂಡ್ಲೆ ಫ್ರೆಂಡಿಗೆ ಫೋನ್ ಮಾಡ್ತೀನಿ, ನೀನೇ ಹೇಳು."

ಎಸಿ ಜೋರಾಗಿತ್ತು. ಅರೆನಿದ್ದೆಯಲ್ಲಿದ್ದ ಕವನಾ, "ಅಕ್ಕಾ, ಚಳಿ," ಎಂದು ಗೊಣಗಿ ಸೀಟಿನ ಹಿಂದೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರಿನಿಂದ ಬಟ್ಟೆ ಎಳೆದು ಹೊದ್ದುಕೊಂಡಳು. ಕತ್ತಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಕೆಂಪು ಬಟ್ಟೆ, ಜರಿಯಂಚು. ಅಂಚಿನಲ್ಲಿ ಕುಂಕುಮ ಮೆತ್ತಿತ್ತು.

ಶಿಲ್ಪಶ್ರೀ ತಲೆಯೆತ್ತಿದಳು. ಮುಂದಿನ ಕನ್ನಡಿಯಲ್ಲಿ ಚಿಕ್ಕಪ್ಪನ ಕಣ್ಣು ಕಂಡಿತು. ಅವನೂ ನೋಡಿದ್ದ. ಸ್ವಂತ ಮಗಳು ಏನು ಹೊದ್ದುಕೊಂಡಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು. ಹೇಳಿದರೆ ಶಾಲು ವಾಪಸ್ ತಂದದ್ದು ಎಲ್ಲರಿಗೂ ತಿಳಿಯುತ್ತದೆ. ಅವನು ಕಣ್ಣನ್ನು ರಸ್ತೆಯ ಕಡೆ ತಿರುಗಿಸಿಕೊಂಡ. ಸುಮ್ಮನೆ ಕಾರು ಓಡಿಸಿದ.

ಛೀ ಎಂಬ ಮಾತು ಕೂಡ ಅವಳ ಬಾಯಿಗೆ ಬರಲಿಲ್ಲ. ಅದಕ್ಕೂ ಮೀರಿದ ಹೇಸಿಗೆ ಅದು.

"ಅಪ್ಪಾ, ಗಾಡಿ ನಿಲ್ಸು! ಮುಸಿಯನ ಶಾಲು ಕವನಾ ಮೈ ಮೇಲಿದೆ!"

ಗಣೇಶ್ ಅಂಗೈಯಿಂದ ಕಾರಿನ ಬಾಗಿಲಿಗೆ ದಡಬಡ ಬಡಿದು ಬಸ್ಸಿನಲ್ಲಿ ಕೂಗುವ ದನಿಯಲ್ಲೇ, "ಹೋಲ್ಡಾನ್!" ಎಂದ. ಆ ದನಿಗೆ ಕುಮಾರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಶಿಲ್ಪಶ್ರೀ ಎರಡು ಬೆರಳಲ್ಲಿ ಶಾಲಿನ ತುದಿ ಹಿಡಿದು ಎಳೆದು ರಸ್ತೆಗೆ ಎಸೆದಳು. ಕವನಾಳನ್ನು ಎತ್ತಿಕೊಂಡು ಬಿಸಿಲಿಗೆ ತಂದು ಅಂಗಿ ಬಿಚ್ಚಿದಳು. ಮಗು ಹೆದರಿ ಅಳತೊಡಗಿತು. ಎಳ್ಳುಕಾಳಿನಷ್ಟು ಸಣ್ಣ ಎರಡು ಉಣುಗು ಕುತ್ತಿಗೆಯ ಹತ್ತಿರ ಹರಿಯುತ್ತಿದ್ದವು. ಇನ್ನೊಂದು ಕಿವಿಯ ಹಿಂದೆ. ಯಾವುದೂ ಇನ್ನೂ ಕಚ್ಚಿರಲಿಲ್ಲ.

ಶ್ಯಾಮಲಾ ಬಂದು ಪಕ್ಕದಲ್ಲಿ ಕೂತಳು. ಈಗ ಅವಳು ರಜೆಯಲ್ಲಿರಲಿಲ್ಲ.

"ಜಜ್ಜಬೇಡ. ಕುಮಾರ, ಗಾಡೀಲಿ ಬ್ಯಾಂಡೇಜ್ ಟೇಪ್ ಇರ್ಬೇಕಲ್ಲ, ಕೊಡು."

ಅಮ್ಮ ಟೇಪು ಹರಿದು ಹರಿದು ಕೊಟ್ಟಳು, ಮಗಳು ಅಂಟಿಸಿ ಅಂಟಿಸಿ ತೆಗೆದಳು. ತಲೆಗೂದಲು, ಕಂಕುಳು, ಕಾಲ್ಬೆರಳ ಸಂದಿ, ಒಂದನ್ನೂ ಬಿಡಲಿಲ್ಲ. ದುರ್ಗಮ್ಮ ಉಳಿದ ಕರ್ಪೂರವನ್ನೆಲ್ಲ ಶಾಲಿನ ಮೇಲೆ ಸುರಿದು ತಾನೇ ಕಡ್ಡಿ ಗೀರಿದಳು. ಜರಿ ಕರಗಿ ಕೆಟ್ಟ ಹೊಗೆ ಬಂತು.

"ಸನ್ಮಾನದ್ದು ಅಂತ..." ಎಂದ ಕುಮಾರ, ಯಾರ ಮುಖವನ್ನೂ ನೋಡದೆ. "ಒಗೆದ್ರೆ ಹೋಗ್ತಿತ್ತು ಅಂತ ಮಾಡಿದ್ದೆ."

"ನೀವು ಕನ್ನಡೀಲಿ ನೋಡಿದ್ರಿ ಚಿಕ್ಕಪ್ಪ," ಎಂದಳು ಶಿಲ್ಪಶ್ರೀ. ದನಿ ಏರಿಸಲಿಲ್ಲ. "ನಾನು ನೋಡ್ದೆ, ನೀವು ನೋಡಿದ್ರಿ. ನಿಮ್ಮ ಗೋಡೆ ಮೇಲೆ ನನ್ ಹೆಸರು ಬೇಡ. ಫ್ರೆಂಡಿಗೆ ಹಂಗೇ ಹೇಳಿ."

ಆ ಸಂಜೆ ಹೊಸನಗರದಲ್ಲಿ ಯಾರೂ ಕೋಳಿ ತಿನ್ನಲಿಲ್ಲ. ಕುಮಾರನ ಮನೆಯ ಬಚ್ಚಲಲ್ಲಿ ಶ್ಯಾಮಲಾ ಒಬ್ಬೊಬ್ಬರನ್ನೇ ನಿಲ್ಲಿಸಿ ಬಿಸಿನೀರು ಹೊಯ್ದಳು, ಅತ್ತೆಯನ್ನೂ ಬಿಡಲಿಲ್ಲ. ಕುಮಾರ ಮಾತ್ರ, ನಂದು ನಾನು ನೋಡ್ಕೊಳ್ತೀನಿ ಎಂದು ಬಾಗಿಲು ಹಾಕಿಕೊಂಡ.

ಕವನಾ, ದುರ್ಗಮ್ಮ ಇಬ್ಬರೂ ಸುಖವಾಗಿದ್ದರು, ಏಳನೆಯ ದಿನ ಕುಮಾರನಿಗೆ ಜ್ವರ ಬಂತು. ಮೂರು ದಿನ ಅಂಗಡಿಯ ಮಾತ್ರೆಯನ್ನೇ ನುಂಗಿ ಯಾರಿಗೂ ಹೇಳದೆ ಕೂತ. ನಾಲ್ಕನೆಯ ದಿನ ಅವನ ಹೆಂಡತಿ ಅಳುತ್ತಾ ಫೋನು ಮಾಡಿದಳು. ಶ್ಯಾಮಲಾ ಅದು ತನ್ನ ಏರಿಯಾವೋ ಅಲ್ಲವೋ ಎಂದು ಯೋಚಿಸಲಿಲ್ಲ. ಆಂಬುಲೆನ್ಸಿನ ಜೊತೆಗೇ ಹೋಗಿ ಅವನನ್ನು ಕರೆತಂದು ಸಾಗರದಲ್ಲಿ ಆಸ್ಪತ್ರೆಗೆ ಸೇರಿಸಿದಳು. ರಕ್ತದ ವರದಿ ಬಂತು, ಮಂಗನ ಕಾಯಿಲೆಯೇ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ ಎಂದು ಶ್ಯಾಮಲಾ ನೆಂಟರಿಗೆಲ್ಲ ಹೇಳಿದಳು. ನೆಂಟರು ತಲೆಯಾಡಿಸಿ ವರಾಂಡದಲ್ಲೇ ನಿಂತರು. ಸನ್ಮಾನ ಮಾಡಿದ ಸಂಘದ ಅಧ್ಯಕ್ಷರು ಹಣ್ಣಿನ ಬುಟ್ಟಿ ತಂದು ವಾರ್ಡಿನ ಬಾಗಿಲಿನಿಂದಲೇ ಕೈಮುಗಿದು ಹೋದರು.

ಹೆಂಡತಿ ಮಗುವಿನ ಜೊತೆ ಇರಬೇಕಾಗಿತ್ತು, ಶ್ಯಾಮಲಾಳಿಗೆ ಊರಿನ ಕೆಲಸ. ಹಗಲು ಹೊತ್ತು ಮಂಚದ ಪಕ್ಕ ಕೂರಲು ಉಳಿದವಳು ಛೀ ಪುಟ್ಟಿ. ಸರ್ಕಾರದ ಸೀಟಿಗೆ ಕೋರ್ಸುಗಳನ್ನು ಸಾಲಾಗಿ ತುಂಬುವ ಕೆಲಸ ಆ ವಾರವೇ ಶುರುವಾಗಿತ್ತು. ಅವಳು ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ತುಂಬಿದಳು. ಮೊದಲನೆಯದು ಪಶುವೈದ್ಯಕೀಯ. ಅದು ಸಿಗುವಷ್ಟು ಒಳ್ಳೆಯ ರ‍್ಯಾಂಕ್ ಅವಳದಲ್ಲ, ಸಿಗದೆಯೂ ಹೋಗಬಹುದು. ಎರಡನೆಯದು ನರ್ಸಿಂಗ್. ಫಾರ್ಮಸಿಯನ್ನು ಪಟ್ಟಿಗೇ ಸೇರಿಸಲಿಲ್ಲ.

ಕುಮಾರ ಅರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ, ಮಾತಿನ ಬದಲು ವಾಂತಿ ಬಂತು. ಹೊದಿಕೆ, ದಿಂಬು, ಅವಳ ಚೂಡಿದಾರದ ತೋಳು, ಎಲ್ಲದರ ಮೇಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ನೆಂಟರೊಬ್ಬರು ಮೂಗು ಮುಚ್ಚಿಕೊಂಡು ಆಚೆ ಹೋದರು.

"ಛೀ!" ಎಂದಳು ಶಿಲ್ಪಶ್ರೀ, ವಾರ್ಡಿಗೆಲ್ಲ ಕೇಳುವ ಹಾಗೆ. ಫೋನನ್ನು ಕಿಟಕಿಯಲ್ಲಿಟ್ಟು ಮಂಚದಡಿಯ ಬೇಸಿನ್ ಎಳೆದುಕೊಂಡಳು. ಒಂದು ಕೈಯಲ್ಲಿ ಬೇಸಿನ್ ಹಿಡಿದು ಇನ್ನೊಂದರಲ್ಲಿ ಚಿಕ್ಕಪ್ಪನ ಹಣೆ ಒತ್ತಿ ಹಿಡಿದಳು.

ಅವನು ಉಸಿರು ಎಳೆದುಕೊಂಡು ಮೆಲ್ಲಗೆ ಕೇಳಿದ. "ಅಸಹ್ಯ ಆಗಲ್ವನೆ ನಿಂಗೆ?"

"ಆಗ್ತದೆ," ಎಂದಳು. "ಇನ್ನೂ ಬರ್ತದಾ?"